ಬಣ್ಣ ನೋಡಿ ಸೈಕಲ್ ತರಬೇಡಿ

ಚಿನ್ನಾಳಪಟ್ಟಿ: ನೂಲು ಕೊಳ್ಳುವಾಗ ಎಳೆ ಜಗ್ಗಿ ನೋಡೋ ನೇಕಾರರ ಊರಿದು. ಮಗನ ಸೈಕಲ್ ಮಾತ್ರ ಬಣ್ಣ ನೋಡಿ ತರ್ತೀವಿ! ಕಟ್ಟೆಯಿಂದ ಕಟ್ಟೆಗೆ ಹಾರಿಸುವ ಹುಚ್ಚು ಅವನಿಗಿದ್ದರೆ ಬೈಯಬೇಡಿ, ಮೊದಲು ಫ್ರೇಮ್ ನೋಡಿ.

ಸ್ಕಾಟ್ಲೆಂಡಿನ ಡ್ಯಾನಿ ಮೆಕಾಸ್ಕಿಲ್ 2009ರ ವಿಡಿಯೋದಲ್ಲಿ ಎಡಿನ್‌ಬರೋ ಬೀದಿಯಲ್ಲಿ ಹಾರಿದ್ದು 24 ಇಂಚು ಚಕ್ರದ ಟ್ರಯಲ್ಸ್ ಸೈಕಲಿನಲ್ಲಿ. ಮೇಲಿನ ಪೈಪ್ ತಗ್ಗು. ಹಿಂಬದಿ ಗಿಡ್ಡ ಇರೋದರಿಂದ ಮುಂಚಕ್ರ ಸಲೀಸಾಗಿ ಏಳುತ್ತೆ. ಶಾಕ್ ಅಬ್ಸಾರ್ಬರ್ ಇರೋ ಸೈಕಲ್ ಇದಕ್ಕಲ್ಲ, ಹಾರುವ ಬಲವನ್ನೇ ಅದು ನುಂಗುತ್ತೆ.

ಅಲ್ಯೂಮಿನಿಯಂ ಹಗುರ ನಿಜ. ಆದ್ರೆ ಬಿರುಕು ಬಿಟ್ರೆ ನಮ್ಮ ಗ್ರಿಲ್ ವೆಲ್ಡಿಂಗ್ ಅಂಗಡಿಯಲ್ಲಿ ಸರಿಹೋಗದು. ಕಲಿಯುವವರಿಗೆ ಕ್ರೋಮೊಲಿ ಉಕ್ಕೇ ಮೇಲು. ತೂಕ ಜಾಸ್ತಿ, ಆದರೆ ಮುರಿಯೋ ಮುಂಚೆ ಸಾಮಾನ್ಯವಾಗಿ ಬಾಗುತ್ತೆ. ಹ್ಯಾಂಡಲ್ ಕೆಳಗಿನ ಬೆಸುಗೆ ಹತ್ರ ಕೂದಲೆಳೆಯಷ್ಟು ಬಿರುಕು ಕಂಡ್ರೂ ಅವತ್ತೇ ಸೈಕಲ್ ನಿಲ್ಲಿಸಿ. ನನ್ನ ಅಕ್ಕನ ಮಗ ನಿಲ್ಲಿಸಲಿಲ್ಲ, ಮುಂದಿನ ಎರಡು ಹಲ್ಲು ಹೋದವು.