ಕುದುರಿ ಜಾತಕ ನೋಡೋರು

ಮೊನ್ನೆ ನಮ್ಮ ಅಕ್ಕ-ತಂಗ್ಯಾರ ಗುಂಪಿನ್ಯಾಗ ಒಬ್ಬಾಕಿ ಕೇಳಿದ್ಲು: "ನಮ್ಮನಿಯವ್ರು ರಿಟೈರ್ ಆದಮ್ಯಾಲೆ ಬೆಂಗಳೂರಾಗ ರೇಸಿನ ಪುಸ್ತಕ ಹಿಡಕೊಂಡು ಕೂಡ್ತಾರ. ಕೇಳಿದ್ರ ಇದು ಜೂಜಲ್ಲ, ಅಭ್ಯಾಸ, ಲೆಕ್ಕ ಅಂತಾರ. ಖರೇನ ಏನ?" ಕೂಡ್ಲೇ ಹತ್ತು ಮಂದಿ "ಜೂಜು ಅಂದ್ರ ಜೂಜವಾ, ಪಾಸ್‌ಬುಕ್ ಕಸಗೊಂಡು ಇಟ್ಕೋ" ಅಂತ ಬರದ್ರು. ನಾ ಸುಮ್ಮನಿದ್ದೆ, ಯಾಕಂದ್ರ ನನ್ನ ಉತ್ತರ ಸ್ವಲ್ಪ ಉದ್ದ ಅದ. ಅವ್ರು ಹೇಳೋದರಾಗ ಅರ್ಧ ಖರೇ ಅದ. ಆ ಅರ್ಧ ಖರೇನ ಮನಿ ಮುಳಗಸೋದು. ಹಿಂಗಾಗಿ ಮೊದಲು ಆ ಖರೇ ಏನಂತ ನಾವು ತಿಳ್ಕೋಬೇಕು. ಬರೇ ಬೈದ್ರ ಅವ್ರು "ನಿಮಗ ಏನ್ ತಿಳೀತದ" ಅಂತ ಬಾಯಿ ಮುಚ್ಚಸ್ತಾರ.

ನಮ್ಮ ದೇಶದ ರೇಸ್‌ಕೋರ್ಸಿನ್ಯಾಗ ಓಡೋದು ಸಪಾಟ ಓಟ. ಬೇಲಿ ಹಾರೋದಿಲ್ಲ, ತಗ್ಗು ಜಿಗಿಯೋದಿಲ್ಲ. ಹುಲ್ಲಿನ ಮ್ಯಾಲೆ 1,100, 1,200, 1,400 ಮೀಟರ್ ಹಿಂಗ ಓಡ್ತಾವ, ಡರ್ಬಿ ಅಂದ್ರ 2,400. ರೇಸಿನ ಪುಸ್ತಕದಾಗ ಒಂದೊಂದು ಕುದುರಿ ಹೆಸರಿನ ಹತ್ತರ ಹಿಂದಿನ ಓಟದಾಗ ಅದು ಎಷ್ಟನೇದು ಬಂತು ಅಂತ ಅಂಕಿ ಇರ್ತಾವ. 3, 1, 0, 4 ಹಿಂಗ. ಸೊನ್ನಿ ಅಂದ್ರ ಹಿಂದಿನ ಸಾಲಿನ್ಯಾಗ ಎಲ್ಲೋ ಬಂದದ ಅಂತ. ಇದಕ್ಕ ಫಾರ್ಮ್ ಅಂತಾರ.

ಬರೇ ಅಂಕಿ ನೋಡಿ ಹೇಳೋದಾದ್ರ ಸಣ್ಣ ಹುಡುಗೂರೂ ಹೇಳ್ತಾವ. ನಾವು ಮಕ್ಕಳ ಮಾರ್ಕ್ಸ್ ಕಾರ್ಡ್ ಹೆಂಗ ನೋಡ್ತೀವಿ ಹೇಳ್ರಿ? 90 ಬಂದದ ಅಂದ್ರ ಯಾವ ಶಾಲಿ, ಪೇಪರ್ ಹಗುರ ಇತ್ತೋ ಬಿಗಿ ಇತ್ತೋ, ಉಳದ ಹುಡುಗೂರಿಗೆ ಎಷ್ಟು ಬಂತು, ಎಲ್ಲಾ ಕೇಳ್ತೀವಲ್ಲಾ. ಇಲ್ಲೂ ಹಂಗ. ಮ್ಯಾಲಿನ ದರ್ಜೆ ಓಟದಾಗ ನಾಕನೇದು ಬಂದ ಕುದುರಿ ಕೆಳಗಿನ ದರ್ಜೆದಾಗ ಗೆದ್ದ ಕುದುರಿಗಿಂತ ಗಟ್ಟಿ ಇರಬಹುದು. 1,200ಕ್ಕ ಬಾಣದಂಗ ಓಡಿದ್ದು 2,000ಕ್ಕ ಏದುಸಿರು ಬಿಡಬಹುದು. ಇನ್ನ ನೆಲ. ಮೈಸೂರಿನ್ಯಾಗ ಮಳಿಗಾಲದಾಗೂ ಓಟ ನಡೀತಾವ. ಗಟ್ಟಿ ನೆಲದ ಮ್ಯಾಲೆ ಗೆದ್ದದ್ದು ಕೆಸರಿನ್ಯಾಗ ಕಾಲು ಕೀಳಲಾರದ ನಿಂದರ್ತದ. ನೆಲ ಎಷ್ಟು ಮೆತ್ತಗದ ಅಂತ ನೋಡ್ಲಿಕ್ಕೆ ಒಂದು ಸಳಿ ಚುಚ್ಚಿ ಅಳತಿ ತಗೋತಾರ, ಪೆನೆಟ್ರೋಮೀಟರ್ ಅಂತಾರ ಅದಕ್ಕ. ನಾವು ಇಡ್ಲಿ ಬೆಂದದೋ ಇಲ್ಲೋ ಅಂತ ಚಮಚಾ ಚುಚ್ಚಿ ನೋಡಿದಂಗ. ಯಾವ ಗೇಟಿನಿಂದ ಹೊರಡ್ತದ, ಮ್ಯಾಲೆ ಕೂಡೋರು ಯಾರು, ಮುಂಜಾನೆ ತಾಲೀಮಿನ್ಯಾಗ 600 ಮೀಟರ್ ಎಷ್ಟು ಸೆಕೆಂಡಿಗೆ ಓಡಿತು, ಇವೆಲ್ಲಾ ಮತ್ತ ಬ್ಯಾರೆ. ತಾಲೀಮಿನ ಟೈಮು ಇಂಗ್ಲಿಷ್ ಪೇಪರಿನ ಆಟದ ಪುಟದಾಗ ಬರ್ತದ. ಅದನ್ನ ಓದಲಿಕ್ಕೆ ಕನ್ನಡಕ ಎರಡು ಬೇಕು.

ನನಗ ಭಾಳ ಮಜಾ ಅನಸೋದು ತೂಕದ ಲೆಕ್ಕ. ಬಹಳಷ್ಟು ಓಟ ಹ್ಯಾಂಡಿಕ್ಯಾಪ್ ಇರ್ತಾವ. ಅಂದ್ರ ಕುದುರಿ ಚಲೋ ಓಡಿದಷ್ಟು ಅದರ ರೇಟಿಂಗ್ ಏರಸ್ತಾರ, ರೇಟಿಂಗ್ ಏರಿದಂಗ ಮುಂದಿನ ಸಲ ಬೆನ್ನ ಮ್ಯಾಲೆ ತೂಕ ಏರಸ್ತಾರ. ನಮ್ಮಲ್ಲೆ ಒಂದು ಪಾಯಿಂಟಿಗೆ ಅರ್ಧ ಕಿಲೊ. ಜಾಕಿ ಹಗುರ ಇದ್ರ ಜೀನದ ಕೆಳಗ ಸೀಸದ ತುಂಡು ಇಟ್ಟು ತೂಕ ತುಂಬಸ್ತಾರ. ಓಟಕ್ಕಿಂತ ಮೊದಲೂ ತೂಕ, ಓಟ ಮುಗದ ಮ್ಯಾಲೂ ತೂಕ. ಚಲೋ ಕೆಲಸ ಮಾಡೋ ಸೊಸಿ ತಲಿಮ್ಯಾಲೇ ಇನ್ನೊಂದು ಕೆಲಸ ಹೇರೋದು ನಮ್ಮ ಮನ್ಯಾಗ ಅಷ್ಟ ಅಲ್ಲ ನೋಡ್ರಿ! ಆದ್ರ ಇಲ್ಲೆ ಅದಕ್ಕೊಂದು ಉದ್ದೇಶ ಅದ: ಎಲ್ಲಾ ಕುದುರಿ ಒಂದ ಸಾಲಿಗೆ ಬಂದು ಮುಟ್ಟಬೇಕು ಅಂತ. ಒಬ್ಬ ಮನಷ್ಯಾನ್ನ ಇದಕ್ಕಂತ ಪಗಾರ ಕೊಟ್ಟು ಇಟ್ಟಿರ್ತಾರ. ನಿಮ್ಮನಿಯವ್ರು ಊಟದ ಟೇಬಲ್ ಮ್ಯಾಲೆ ಪೆನ್ಸಿಲ್ ಹಿಡದು ಯಾವ ಕುದುರಿ ಮುಂದದ ಅಂತ ಕಂಡು ಹಿಡೀತಾರಲ್ಲಾ, ಆತ ಅದನ್ನ ಮೊದಲ ಕಂಡು ಹಿಡದು, ಅದರ ಬೆನ್ನ ಮ್ಯಾಲೆ ಸೀಸ ಹೇರಿ ಇಟ್ಟಾನ. (ಹೆಣ್ಣು ಕುದುರಿಗೆ ಇಂಡಿಯನ್ ಡರ್ಬಿಯಾಗ ಒಂದೂವರಿ ಕಿಲೊ ರಿಯಾಯಿತಿ ಅದ: ಗಂಡಿಗೆ 57, ಹೆಣ್ಣಿಗೆ 55.5. ಅಷ್ಟರ ಮಟ್ಟಿಗೆ ಅವು ನಮಗಿಂತ ಪುಣ್ಯವಂತ್ಯಾರು.)

ಇಷ್ಟೆಲ್ಲಾ ಸರಿಯಾಗಿ ಓದಿದ್ರೂ ಏನಾಗ್ತದ ಅನ್ನಲಿಕ್ಕೆ ಎನೇಬಲ್ ಅನ್ನೋ ಹೆಣ್ಣು ಕುದುರಿ ಕಥಿ ಹೇಳ್ತೀನಿ. ಫ್ರಾನ್ಸಿನ ಆರ್ಕ್ ಅನ್ನೋ 2,400 ಮೀಟರಿನ ದೊಡ್ಡ ಓಟ ಆಕಿ 2017ರಾಗ ಗೆದ್ಲು, 2018ರಾಗ ಗೆದ್ಲು. ಮೂರು ಸಲ ಯಾವ ಕುದುರಿನೂ ಗೆದ್ದಿರಲಿಲ್ಲ. 2019ರ ಅಕ್ಟೋಬರ್ 6ಕ್ಕ ಮತ್ತ ಇಳದ್ಲು. ಎದರಿಗೆ ವಾಲ್ಡ್‌ಗೈಸ್ಟ್ ಅಂತ ಒಂದು ಗಂಡು ಕುದುರಿ. 2018ರ ಆರ್ಕಿನ್ಯಾಗ ಅದು ಆಕಿ ಹಿಂದ ನಾಕನೇದು, 2019ರ ಜುಲೈದಾಗ ಇಂಗ್ಲೆಂಡಿನ ಆಸ್ಕಟ್‌ದಾಗ ಆಕಿ ಹಿಂದ ಮೂರನೇದು. ಫಾರ್ಮ್ ಓದೋರು ಮತ್ತೇನ್ ಹೇಳಬೇಕು? ಹಿಂದೆಲ್ಲಾ ಸೋಲಸ್ಯಾಳ, ಈ ಸಲನೂ ಸೋಲಸ್ತಾಳ. ತೂಕನೂ ಆಕಿಗೇ ಒಂದೂವರಿ ಕಿಲೊ ಕಡಿಮಿ. ಆದ್ರ ಆವತ್ತು ನೆಲ ಭಾಳ ಮೆತ್ತಗಾಗಿತ್ತು. ಆಕಿ ಮುಂದ ಬಂದ್ಲು, ಎಲ್ಲಾರೂ ಗೆದ್ಲು ಅಂತ ಎದ್ದು ನಿಂತ್ರು, ಕಡೀ ಘಳಿಗ್ಯಾಗ ವಾಲ್ಡ್‌ಗೈಸ್ಟ್ ದಾಟಿ ಹೋತು. ಆಕಿ ಎರಡನೇದಾಕಿ. ಫಾರ್ಮ್ ಓದಿದವ್ರು ಮೂರ್ಖರೇನಲ್ಲ, ಅವ್ರ ಓದು ಸರಿನ ಇತ್ತು. ಸರಿ ಓದು ಸೋತದ್ದು ಅದು.

ಮತ್ತ ಓದು ಸರಿ ಆಗಿ ಕುದುರಿ ಗೆದ್ರೂ ರೊಕ್ಕದ ಲೆಕ್ಕ ಬ್ಯಾರೆ. ಆ ಪುಸ್ತಕ ನಿಮ್ಮನಿಯವ್ರ ಕೈಯಾಗ ಅಷ್ಟ ಇಲ್ಲಲ್ಲಾ, ಎಲ್ಲಾರ ಕೈಯಾಗೂ ಅದ. ಟೋಟ್ ಅಂದ್ರ ನಮ್ಮ ಚೀಟಿ ಇದ್ದಂಗ: ಎಲ್ಲಾರ ರೊಕ್ಕ ಒಂದ ಡಬ್ಬಿಗೆ, ಅದರಾಗ ನಡಸೋರು ತಮ್ಮ ಪಾಲು ತಗೊಂಡು ಉಳದದ್ದು ಗೆದ್ದವ್ರಿಗೆ ಹಂಚ್ತಾರ. ಸುಮ್ಮನ ಲೆಕ್ಕಕ್ಕ ಅಂತ ಹೇಳ್ತೀನಿ, ಹತ್ತು ಮಂದಿ ನೂರು ನೂರು ಹಾಕಿದ್ರು, ಇನ್ನೂರು ತಗದಿಟ್ರು, ಉಳದದ್ದು ಎಂಟುನೂರು. ಕುದುರಿ ಫಾರ್ಮ್ ಅಷ್ಟು ಚಲೋ ಅದ ಅಂತ ಏಳು ಮಂದಿ ಅದಕ್ಕ ಹಚ್ಚಿದ್ರು, ಗೆತ್ತು ಕೂಡ. ಒಬ್ಬೊಬ್ಬರಿಗೆ 114 ರೂಪಾಯಿ. ಇಡೀ ರಾತ್ರಿ ಓದಿದ್ದಕ್ಕ 14 ರೂಪಾಯಿ. ಮ್ಯಾಲೆ ತೆರಿಗಿ: 2023ರ ಅಕ್ಟೋಬರಿನಿಂದ ಹಚ್ಚಿದ ಪೂರಾ ರೊಕ್ಕದ ಮ್ಯಾಲೆ 28 ಟಕ್ಕೆ ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್ 22ರಿಂದ ಅದು 40 ಟಕ್ಕೆ. ಅದನ್ನೂ ಹಿಡದ್ರ ಈ ಏಳು ಮಂದಿ ಗೆದ್ದೂ ಕೈಯಿಂದ ಕೊಟ್ಟಂಗ. ದೊಡ್ಡದು ಗೆದ್ದು 10,000 ದಾಟಿದ್ರ 30 ಟಕ್ಕೆ ಆದಾಯ ತೆರಿಗಿ ಅಲ್ಲೇ ಹಿಡಕೋತಾರ. ಹೋದ ವಾರ ಇಷ್ಟು ಸೋತೀನಿ, ಅದನ್ನ ಇದರಾಗ ಕಳೀರಿ ಅಂದ್ರ ಕಾಯಿದೆ ಕಳಿಯಂಗಿಲ್ಲ. ಇನ್ನ ಎಲ್ಲಾರೂ ಸೇರಿ ಇದ ಗೆಲ್ತದ ಅಂತ ನಂಬಿದ ಕುದುರಿ ಗೆಲ್ಲೋದರ ಎಷ್ಟು ಸಲ? ಇಂಗ್ಲೆಂಡಿನ ಸಪಾಟ ಓಟದಾಗ ಹೆಚ್ಚು ಕಡಿಮಿ ಮೂರರಾಗ ಒಂದು.

ಈಗ ಅವ್ರು ಸುಪ್ರೀಂ ಕೋರ್ಟ್ ತರ್ತಾರ. ಹೌದು, 1996ರಾಗ ಮದ್ರಾಸಿನ ರೇಸಿನ ಕೇಸಿನ್ಯಾಗ ಕೋರ್ಟು ಕುದುರಿ ರೇಸು ಕೌಶಲ್ಯದ ಆಟ, ಬರೇ ನಸೀಬಿಂದಲ್ಲ ಅಂತ ತೀರ್ಪು ಕೊಟ್ಟದ. ನಾನೂ ಒಪ್ತೀನಿ. ಮ್ಯಾಲೆ ಬರದದ್ದೆಲ್ಲಾ ಕೌಶಲ್ಯನ. ಆದ್ರ ಈ ಆಟ ಯಾವ ಕಾಯಿದೆ ಕೆಳಗ ಬರ್ತದ ಅಂತ ಕೋರ್ಟು ಹೇಳ್ತು, ನಿಮ್ಮನಿಯವ್ರಿಗೆ ಆ ಕೌಶಲ್ಯ ಅದ ಅಂತ ಹೇಳಲಿಲ್ಲ. ಸಂಗೀತನೂ ಕೌಶಲ್ಯನ, ಹಂಗಂತ ಬಚ್ಚಲದಾಗ ಹಾಡೋರೆಲ್ಲಾ ಕಚೇರಿ ಮಾಡ್ಲಿಕ್ಕೆ ಪಿಎಫ್ ತಗೀತಾರೇನು?

ಹಿಂಗಾಗಿ ಕೇಳಿದಾಕಿಗೆ ನಾ ಹೇಳೋದು: ಜಗಳಾಡಬ್ಯಾಡ. ಪಕ್ಕದಾಗ ಕೂತು ಆ ಪುಸ್ತಕ ಓದಲಿಕ್ಕೆ ಕಲಿ. ವಾರದಾಗ ಬರ್ತದ, ಪಂಚಾಂಗದಷ್ಟು ತ್ರಾಸಿಲ್ಲ. ಕಲತ ಮ್ಯಾಲೆ ಒಂದು ನೋಟ್‌ಬುಕ್ಕಿನ್ಯಾಗ ಅವ್ರ ಫಾರ್ಮ್ ಬರೀ. ತಾರೀಖು, ಎಷ್ಟು ಹಚ್ಚಿದ್ರು, ತೆರಿಗಿ ಎಷ್ಟು ಹೋತು, ಎಷ್ಟು ಬಂತು. ಗೆದ್ದ ದಿನ ಪೇಡೆ ತಂದು ಹೇಳ್ತಾರ, ಸೋತ ದಿನ ತಲಿ ನೋಯ್ತದ ಅಂತ ಮಲಗ್ತಾರ, ಆ ದಿನಾನೂ ಬರೀಬೇಕು. ನಮ್ಮ ಬಳಗದಾಗ ಒಬ್ಬ ವೈನಿ ಹಿಂಗ ಮಾಡಿದ್ರು. ಅವ್ರ ಯಜಮಾನ್ರಿಗೆ ಯಾವ ಕುದುರಿ ಯಾವ ಮಳ್ಯಾಗ ಎಷ್ಟನೇದು ಬಂತು ಅಂತ ಬಾಯಿಪಾಠ ಇತ್ತು. ತಮ್ಮ ಆರು ತಿಂಗಳ ಲೆಕ್ಕ ಒಂದ ಪುಟದಾಗ ಕಂಡಾಗ ಭಾಳ ಹೊತ್ತು ಸುಮ್ಮನ ಕೂತ್ರಂತ. ಈಗೂ ಪುಸ್ತಕ ತರ್ತಾರ. ಗಂಡ ಹೆಂಡತಿ ಇಬ್ಬರೂ ಚಹಾ ಕುಡಕೋತ ಒಂದೊಂದು ಕುದುರಿ ಆರಿಸಿ ಕ್ಯಾಲೆಂಡರ್ ಮ್ಯಾಲೆ ಬರದಿಡ್ತಾರ, ಸಂಜೀಕ ನೋಡ್ತಾರ. ರೊಕ್ಕ ಹಚ್ಚಂಗಿಲ್ಲ. ಹೋದ ಸೀಸನ್ನಿನ್ಯಾಗ ವೈನಿನ ಮುಂದಿದ್ರು.