ಜಾತ್ರೆಯ ಜನಸಾಗರದಲ್ಲಿ ಜೀವದ ಎಚ್ಚರ



ಜಾತ್ರೆಯೆಂಬುದು ನಮ್ಮ ನಾಡಿನ ಜನಕ್ಕೆ ವರುಷದ ಬೆಳಕು. ಬಿತ್ತನೆ-ಕೊಯ್ಲುಗಳ ದಣಿವನ್ನು ಮರೆತು, ಹಸುಗೂಸನ್ನು ಸೊಂಟಕ್ಕೇರಿಸಿ, ಮುಪ್ಪಾದ ತಾಯಿಯ ಕೈಹಿಡಿದು ಊರಿಗೆ ಊರೇ ತೇರಬೀದಿಗೆ ಬಂದು ನಿಲ್ಲುತ್ತದೆ. ಒಬ್ಬರ ಹೆಗಲಿಗೆ ಇನ್ನೊಬ್ಬರ ಹೆಗಲು ತಾಗಿದಾಗ ಮೇಲು-ಕೀಳೆಂಬ ಭೇದ ಕರಗುತ್ತದೆ. ಆದರೆ ಆ ಹೆಗಲುಗಳ ನಡುವೆ ಗಾಳಿಯಾಡಲೂ ಎಡೆಯಿಲ್ಲದಂತಾದಾಗ ಅದೇ ಜನಸಾಗರ ಜೀವಕ್ಕೆ ಎರವಾಗಬಲ್ಲದು. ಈ ಮಾತನ್ನು ಆಡಲು ಸಂಕೋಚವಾದರೂ ಆಡದೆ ಇರುವುದು ತಪ್ಪೆಂದು ನಮ್ಮ ಭಾವನೆ.

2005ರ ಜನವರಿ 25ರಂದು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮಾಂಢರದೇವಿ ಜಾತ್ರೆಯಲ್ಲಿ 250ಕ್ಕೂ ಹೆಚ್ಚು ಭಕ್ತರು ಅಸುನೀಗಿದರು. ಒಡೆದ ತೆಂಗಿನಕಾಯಿಯ ನೀರಿನಿಂದ ಅಲ್ಲಿನ ಮೆಟ್ಟಿಲುಗಳು ಜಾರುತ್ತಿದ್ದವು. 2024ರ ಜುಲೈ 2ರಂದು ಉತ್ತರಪ್ರದೇಶದ ಹಾಥರಸ್‌ನ ಸತ್ಸಂಗದಲ್ಲಿ 121 ಮಂದಿ ತೀರಿಕೊಂಡರು. 2025ರ ಜೂನ್ 4ರಂದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ, ವಿಜಯೋತ್ಸವ ನೋಡಲು ಹೋಗಿದ್ದವರಲ್ಲಿ 11 ಮಂದಿ ಮನೆಗೆ ಮರಳಲಿಲ್ಲ. ಭಕ್ತಿಯ ಕೂಟವಿರಲಿ, ಆಟದ ಸಂಭ್ರಮವಿರಲಿ, ದಟ್ಟಣೆಗೆ ಆ ಭೇದ ತಿಳಿಯದು.

ಇಂಥ ದುರಂತವನ್ನು ನಾವು 'ಕಾಲ್ತುಳಿತ' ಎನ್ನುತ್ತೇವೆ. ಈ ಪದವೇ ನಮ್ಮನ್ನು ದಾರಿತಪ್ಪಿಸುತ್ತದೆ. ಹುಚ್ಚೆದ್ದ ಜನ ಓಡಿ ಒಬ್ಬರನ್ನೊಬ್ಬರು ತುಳಿದರೆಂಬ ಚಿತ್ರವನ್ನು ಅದು ಕಟ್ಟಿಕೊಡುತ್ತದೆ. ವಾಸ್ತವದಲ್ಲಿ ಬಹುತೇಕರು ಸಾಯುವುದು ಉಸಿರು ಕಟ್ಟಿ. ಸುತ್ತಲಿನ ಒತ್ತಡಕ್ಕೆ ಎದೆಗೂಡು ಹಿಗ್ಗಲಾರದೆ, ನಿಂತಲ್ಲಿಯೇ ಪ್ರಾಣ ಹೋಗುವುದುಂಟು. ಹಿಂದಿನವನು ದುಷ್ಟನಲ್ಲ, ಮುಂದೆ ಒಬ್ಬಳು ತಾಯಿ ಉಸಿರಿಗಾಗಿ ತಹತಹಿಸುತ್ತಿರುವುದು ಅವನಿಗೆ ಕಾಣದು. ಅವನದು ಸಣ್ಣದೊಂದು ನೂಕು. ಅಂಥ ನೂರು ನೂಕುಗಳು ಕೂಡಿದಾಗ ಕಬ್ಬಿಣದ ಸರಳೂ ಬಾಗುತ್ತದೆ.

ಆದ್ದರಿಂದ ಮೊದಲು ಕಲಿಯಬೇಕಾದುದು ಲಕ್ಷಣವನ್ನು ಗುರುತಿಸುವುದು. ಒಂದು ಚದರ ಮೀಟರ್ ಜಾಗದಲ್ಲಿ, ಅಂದರೆ ಸುಮಾರು ಮೂರೂಕಾಲು ಅಡಿ ಉದ್ದಗಲದಲ್ಲಿ, ಐದು ಜನಕ್ಕಿಂತ ಹೆಚ್ಚು ನಿಂತರೆ ಅಪಾಯ ಹತ್ತಿರವಾಯಿತೆಂದು ತಿಳಿಯಬೇಕು. ಆರೇಳು ಜನರಾದರೆ ಗುಂಪು ನೀರಿನಂತೆ ತೊನೆಯತೊಡಗುತ್ತದೆ. ಕೈಯೆತ್ತಿ ಮುಖ ಒರೆಸಿಕೊಳ್ಳಲಾಗದಿದ್ದರೆ, ನಾಲ್ಕೂ ಕಡೆಯಿಂದ ಮೈ ತಾಗುತ್ತಿದ್ದರೆ, ಕಾಲು ತಾನಾಗಿ ಸರಿಯುತ್ತಿದ್ದರೆ ದರ್ಶನದ ಆಸೆಯನ್ನು ಆ ಕ್ಷಣಕ್ಕೆ ಬಿಟ್ಟು ಅಂಚಿಗೆ ಸರಿಯುವುದೇ ವಿವೇಕ.

ಸಿಕ್ಕಿಕೊಂಡರೆ ಏನು ಮಾಡಬೇಕು? ಎರಡೂ ಕೈಗಳನ್ನು ಮಡಚಿ ಎದೆಯ ಮುಂದೆ ಹಿಡಿದು ಉಸಿರಾಟಕ್ಕೆ ಅಂಗೈಯಗಲ ಜಾಗ ಉಳಿಸಿಕೊಳ್ಳಬೇಕು. ಒಂದು ಕಾಲನ್ನು ತುಸು ಮುಂದಿಟ್ಟು ಗಟ್ಟಿಯಾಗಿ ನಿಲ್ಲಬೇಕು. ಪ್ರವಾಹಕ್ಕೆ ಎದುರು ಈಜಬಾರದು. ನೂಕು ತಗ್ಗಿದ ಗಳಿಗೆಯಲ್ಲಿ ಓರೆಯಾಗಿ ಅಂಚಿನತ್ತ ಹೆಜ್ಜೆಹೆಜ್ಜೆಯಾಗಿ ಸರಿಯಬೇಕು. ಗೋಡೆ, ಕಟಕಟೆಗಳ ಬದಿಗೆ ಒರಗಬಾರದು. ಕೂಗಾಡಿ ಉಸಿರು ವ್ಯಯಿಸಬಾರದು. ಬಿದ್ದರೆ ಏಳಲು ಯತ್ನಿಸಬೇಕು. ಆಗದಿದ್ದರೆ ಪಕ್ಕಕ್ಕೆ ಹೊರಳಿ, ಮಂಡಿ ಮಡಚಿ, ತಲೆ-ಎದೆಗಳನ್ನು ಕೈಗಳಿಂದ ಕಾಪಾಡಿಕೊಳ್ಳಬೇಕು. ಮಕ್ಕಳ ಕಿಸೆಯಲ್ಲಿ ಮನೆಯವರ ದೂರವಾಣಿ ಸಂಖ್ಯೆಯ ಚೀಟಿಯಿರಲಿ. ಜನ ಹೆಚ್ಚಿದಾಗ ಮೊಬೈಲ್ ಸಂಪರ್ಕ ಸಿಗದೆ ಹೋಗಬಹುದು. ಆದ್ದರಿಂದ ತಪ್ಪಿಸಿಕೊಂಡರೆ ಸೇರಬೇಕಾದ ಸ್ಥಳವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಇಲ್ಲಿ ನಮ್ಮದೇ ಒಂದು ಸಂಪ್ರದಾಯದ ಮಾತನ್ನೂ ಹೇಳಬೇಕು. ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತೇವೆ. ಕೆಳಗೆ ಬಿದ್ದುದನ್ನು ಪ್ರಸಾದವೆಂದು ಆಯ್ದುಕೊಳ್ಳಲು ಬಾಗುತ್ತೇವೆ. ದಟ್ಟಣೆಯಲ್ಲಿ ಬಾಗಿದವನು ಮತ್ತೆ ನೆಟ್ಟಗಾಗುತ್ತಾನೆಂಬ ಭರವಸೆಯಿಲ್ಲ. ಒಬ್ಬ ಬಾಗಿದರೆ ಅವನ ಮೇಲೆ ಇನ್ನೊಬ್ಬ ಮುಗ್ಗರಿಸುತ್ತಾನೆ; ಪಕ್ಕದಲ್ಲಿಯೇ ಗಾಲಿ ಉರುಳುತ್ತಿರುತ್ತದೆ. ತುಳಿದ ಹಣ್ಣಿನ ಸಿಪ್ಪೆ ಮಾಂಢರದೇವಿಯ ಮೆಟ್ಟಿಲಿಗಿಂತ ಕಡಿಮೆ ಜಾರುವುದಿಲ್ಲ. ಪ್ರಸಾದವನ್ನು ದಾಸೋಹದ ಪಂಕ್ತಿಯಲ್ಲಿ ಕೈಯೊಡ್ಡಿ ಪಡೆಯೋಣ. ಅದರಿಂದ ಭಕ್ತಿಗೆ ಯಾವ ಕುಂದೂ ಬಾರದು.

"ಶಿವನಿಚ್ಛೆಯಿದ್ದಂತೆ ಆಗುತ್ತದೆ, ನಮ್ಮ ಎಚ್ಚರದಿಂದೇನು?" ಎಂದು ಕೆಲವರು ಕೇಳುವುದುಂಟು. ದೇಹವನ್ನೇ ದೇವಾಲಯವೆಂದು ಕಂಡ ಪರಂಪರೆಯವರಿಗೆ ಈ ಪ್ರಶ್ನೆ ಒಪ್ಪುವುದಿಲ್ಲ. "ವ್ಯವಸ್ಥೆ ಆಯೋಜಕರ ಹೊಣೆಯಲ್ಲವೇ?" ಎಂಬ ಇನ್ನೊಂದು ಪ್ರಶ್ನೆ ನ್ಯಾಯವಾದುದೇ. ಅಗಲವಾದ ದಾರಿ, ತೆರೆದ ಬಾಗಿಲು, ಧ್ವನಿವರ್ಧಕ, ಒಳಬರುವವರ ಮಿತಿ ಇವೆಲ್ಲ ಆಯೋಜಕರ ಕರ್ತವ್ಯ. ಮಠಗಳೂ ಇದಕ್ಕೆ ಹೊರತಲ್ಲ. ಭಕ್ತರ ಎಚ್ಚರ ಈ ಹೊಣೆಯನ್ನು ಕಿಂಚಿತ್ತೂ ತಗ್ಗಿಸದು. ಆದರೆ ಇಕ್ಕಟ್ಟಿನ ಗಳಿಗೆಯಲ್ಲಿ ಆಯೋಜಕರು ದೂರ, ನಮ್ಮ ಕೈಕಾಲುಗಳೇ ಹತ್ತಿರ. ದಕ್ಷಿಣ ಕೊರಿಯಾದ ಸಿಯೋಲ್ ನಗರದ ಇಟೆವಾನ್‌ನಲ್ಲಿ 2022ರ ಅಕ್ಟೋಬರ್ 29ರಂದು 159 ಮಂದಿಯ ಸಾವಿಗೆ ಕಾರಣವಾದ ನೂಕುನುಗ್ಗಲಿಗೆ ಮೂರೂವರೆ ಗಂಟೆ ಮುಂಚೆಯೇ ಒಬ್ಬರು ಪೊಲೀಸರಿಗೆ ಕರೆಮಾಡಿ ಎಚ್ಚರಿಸಿದ್ದರು. ಕಂಡವರು ಹೇಳಬೇಕು, ಕೇಳಿದವರು ಎದ್ದು ಬರಬೇಕು; ಎರಡೂ ಕೂಡಿದಾಗಲೇ ರಕ್ಷಣೆ. ನಮ್ಮಲ್ಲಿ 112ಕ್ಕೆ ಕರೆ ಮಾಡಬಹುದು. ಸ್ವಯಂಸೇವಕರಿಗೂ ತಕ್ಷಣ ತಿಳಿಸಬೇಕು.

ಪ್ರಜ್ಞೆತಪ್ಪಿ ಉಸಿರಾಡದವರನ್ನು ಬಯಲಿಗೆ ತಂದೊಡನೆ ಎದೆಯ ನಡುಭಾಗದಲ್ಲಿ ಎರಡೂ ಅಂಗೈ ಜೋಡಿಸಿ, ನಿಮಿಷಕ್ಕೆ 100ರಿಂದ 120 ಬಾರಿ, ವಯಸ್ಕರಿಗೆ ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಜೊತೆಗಿದ್ದವರು 108ಕ್ಕೆ ಕರೆಮಾಡಬೇಕು. ಇದನ್ನು ಓದಿದರೆ ಸಾಲದು, ತಿಳಿದವರ ಮುಂದೆ ಕೈಯಾರೆ ಮಾಡಿ ಕಲಿಯಬೇಕು.

ರಥೋತ್ಸವದ ಹಿಂದಿನ ಸಂಜೆ ಪ್ರವಚನ ಮುಗಿದ ಬಳಿಕ ಕಾಲುಗಂಟೆಯನ್ನು ಈ ಕಲಿಕೆಗೆ ಮೀಸಲಿಡಬೇಕೆಂಬುದು ನಮ್ಮ ಅರಿಕೆ. ವೈದ್ಯರು, ದಾದಿಯರು, ಅಗ್ನಿಶಾಮಕ ಸಿಬ್ಬಂದಿ ನಮ್ಮ ಭಕ್ತರಲ್ಲಿಯೇ ಇದ್ದಾರೆ, ಕರೆದರೆ ಬರುತ್ತಾರೆ. ಪಕ್ಕದವನ ಉಸಿರನ್ನು ಕಾಯುವುದೂ ಸೇವೆಯೇ. ತೇರು ನೆಲೆ ಸೇರುವುದಷ್ಟೇ ಜಾತ್ರೆಯ ಸಾರ್ಥಕ್ಯವಲ್ಲ. ಬಂದವರೆಲ್ಲ ಮನೆ ಸೇರಬೇಕು.