ಬೇರೆ ಇಟ್ಟ ಮೂಟೆ

ಇಪ್ಪತ್ತು ಕಿಲೊ ಕಾಫಿ ಬೀಜ. ಮಲೆನಾಡಿನ ಬೆಳೆಗಾರ ಲೆಕ್ಕ ಹಾಕುವ ಐವತ್ತು ಕಿಲೊ ಮೂಟೆಯ ಅರ್ಧವೂ ಆಗುವುದಿಲ್ಲ. 2025ರ ಆಗಸ್ಟ್‌ನಲ್ಲಿ ನಡೆದ ‘ಬೆಸ್ಟ್ ಆಫ್ ಪನಾಮಾ’ ಹರಾಜಿನಲ್ಲಿ ದುಬೈನ ಕಂಪನಿಯೊಂದು ಅಷ್ಟು ಬೀಜಕ್ಕೆ 6,04,080 ಡಾಲರ್ ಕೊಟ್ಟಿತು. ಕಿಲೊಗೆ 30,204 ಡಾಲರ್. ಆಗಿನ ದರದಲ್ಲಿ ಸುಮಾರು 26 ಲಕ್ಷ ರೂಪಾಯಿ. ಬೆಳೆದ ತೋಟ ಪನಾಮಾದ ಬೊಕೆತೆ ಊರಿನ ಬಳಿಯ ಅಸಿಯೆಂಡಾ ಲಾ ಎಸ್ಮೆರಾಲ್ಡಾ. ತಳಿ ಗೇಶಾ.

ಇಂಥ ಬೆಲೆ ಕಿವಿಗೆ ಬಿದ್ದೊಡನೆ ಯಾವ ಬೆಳೆಗಾರನಿಗೂ ಆ ತಳಿಯ ಬೀಜ ತರಿಸಿ ನೆಟ್ಟುಬಿಡುವ ಆಸೆ ಹುಟ್ಟುವುದು ಸಹಜ. ಆದರೆ ಆ ಗಿಡ ಸುಮಾರು ನಲವತ್ತು ವರ್ಷ ಪನಾಮಾದ ತೋಟಗಳಲ್ಲೇ ಇತ್ತು, ಅದನ್ನು ಕೇಳುವವರಿರಲಿಲ್ಲ.

ಗೇಶಾ ಎಂಬುದು ಇಥಿಯೋಪಿಯಾದ ನೈರುತ್ಯ ಭಾಗದ ಒಂದು ಕಾಡು ಸೀಮೆಯ ಹೆಸರು. ಜಪಾನಿನ ಗೇಶಾ ಕಲಾವಿದೆಯರಿಗೂ ಇದಕ್ಕೂ ಸಂಬಂಧವಿಲ್ಲ. 1930ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಗಳು ಅಲ್ಲಿಂದ ಬೀಜ ಸಂಗ್ರಹಿಸಿದರು. ಅದು ಪೂರ್ವ ಆಫ್ರಿಕಾದ ಸಂಶೋಧನಾ ಕೇಂದ್ರಗಳನ್ನು ಹಾದು 1953ರಲ್ಲಿ ಕೋಸ್ಟಾರಿಕಾದ ತುರ್ರಿಯಾಲ್ಬಾ ಕೇಂದ್ರಕ್ಕೆ ಬಂತು. ಅಲ್ಲಿ ಟಿ2722 ಎಂಬ ಸಂಖ್ಯೆ ಪಡೆಯಿತು. ಎಲೆ ತುಕ್ಕು ರೋಗವನ್ನು ಕೊಂಚ ತಡೆದುಕೊಳ್ಳುತ್ತದೆ ಎಂಬ ಒಂದೇ ಕಾರಣಕ್ಕೆ 1960ರ ದಶಕದಲ್ಲಿ ಪನಾಮಾದ ಬೆಳೆಗಾರರಿಗೆ ಹಂಚಿದರು. ನೆಟ್ಟವರಿಗೆ ಬೇಸರವಾಯಿತು. ಗಿಡ ನೆಟ್ಟಗೆ ಎತ್ತರಕ್ಕೆ ಹೋಗುತ್ತದೆ, ಕೊಂಬೆ ವಿರಳ, ಗೆಣ್ಣಿನಿಂದ ಗೆಣ್ಣಿಗೆ ದೂರ. ಪಕ್ಕದ ಕಟುರಾ ತಳಿಯ ಗಿಡ ಮೊಣಕೈಯುದ್ದದ ಕೊಂಬೆಯಲ್ಲಿ ಒತ್ತೊತ್ತಾಗಿ ಹಣ್ಣು ಕಟ್ಟಿದರೆ, ಗೇಶಾ ಅಷ್ಟೇ ಉದ್ದದಲ್ಲಿ ಅಲ್ಲೊಂದು ಇಲ್ಲೊಂದು ಗೊಂಚಲು ಬಿಡುತ್ತದೆ. ತೂಕ ನೋಡುವವರಿಗೆ ಅದು ದಂಡದ ಗಿಡ. ಕೆಲವರು ಕಿತ್ತರು, ಕೆಲವರು ಮೂಲೆಯಲ್ಲಿ ಬಿಟ್ಟರು.

ಎಸ್ಮೆರಾಲ್ಡಾ ತೋಟವನ್ನು 1967ರಲ್ಲಿ ಕೊಂಡವರು ಅಮೆರಿಕದ ಬ್ಯಾಂಕರ್ ರುಡಾಲ್ಫ್ ಪೀಟರ್ಸನ್. ಆಗ ಅದು ಮುಖ್ಯವಾಗಿ ದನ ಸಾಕುವ ಜಮೀನು. ನರವಿಜ್ಞಾನ ಓದಿದ್ದ ಮಗ ಪ್ರೈಸ್ ಪೀಟರ್ಸನ್ ಸಂಸಾರ ಸಮೇತ ಅಲ್ಲಿಗೆ ಬಂದು ನೆಲೆಸಿದರು. 1990ರ ದಶಕದಲ್ಲಿ ಈ ಕುಟುಂಬ ಬಾರು ಜ್ವಾಲಾಮುಖಿಯ ತಪ್ಪಲಿನ ಹರಮಿಯೊ ಎಂಬ ಇನ್ನೊಂದು ತೋಟವನ್ನು ಖರೀದಿಸಿತು. ಅಲ್ಲಿ ಎಲೆಚುಕ್ಕೆ ರೋಗ ಹರಡಿದಾಗ ಗೇಶಾ ಗಿಡಗಳು ತಡೆದು ನಿಂತದ್ದನ್ನು ಗಮನಿಸಿ, ಅವನ್ನೇ ಇನ್ನೂ ಎತ್ತರದ ಜಾಗಗಳಲ್ಲಿ, 1,600 ಮೀಟರ್‌ಗೂ ಮೇಲೆ ನೆಟ್ಟರು. ಅಲ್ಲಿಯವರೆಗೂ ರುಚಿಯ ಮಾತು ಯಾರ ತಲೆಯಲ್ಲೂ ಇರಲಿಲ್ಲ.

ಆಮೇಲೆ ಬಂದದ್ದು ಬೆಲೆ ಕುಸಿತ. 2001ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಬೆಲೆ ಪೌಂಡಿಗೆ 50 ಸೆಂಟ್‌ಗಿಂತ ಕೆಳಗಿಳಿಯಿತು. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರಿಗೆ ಆ ವರ್ಷಗಳನ್ನು ಯಾರೂ ನೆನಪಿಸಬೇಕಾಗಿಲ್ಲ. ಬೊಕೆತೆಯಲ್ಲೂ ಗತಿ ಅದೇ. ತೂಕಕ್ಕೆ ಮಾರಿದರೆ ಬದುಕುವುದಿಲ್ಲ ಎಂದು ಮನಗಂಡ ಪೀಟರ್ಸನ್ ಕುಟುಂಬ, ಸ್ಪರ್ಧೆಗೆ ಕಾಫಿ ಸಿದ್ಧಪಡಿಸುವಾಗ ಒಂದು ಸರಳ ಕೆಲಸ ಮಾಡಿತು. ತೋಟದ ಒಂದೊಂದು ಭಾಗದ ಹಣ್ಣನ್ನೂ ಬೇರೆ ಬೇರೆ ಸಂಸ್ಕರಿಸಿ, ಬೇರೆ ಬೇರೆ ರುಚಿ ನೋಡಿತು. ಪ್ರೈಸ್ ಅವರ ಮಗ ಡೇನಿಯಲ್ ಇದರಲ್ಲಿ ಮುಂದಿದ್ದರು.

ಕಾಫಿ ರುಚಿ ನೋಡುವ ಕ್ರಮ ಗಂಭೀರವಾದದ್ದು. ಮೇಜಿನ ಮೇಲೆ ಸಾಲಾಗಿ ಬಟ್ಟಲು. ಪ್ರತಿಯೊಂದರಲ್ಲೂ ತರಿಯಾಗಿ ಬೀಸಿದ ಅಷ್ಟೇ ತೂಕದ ಪುಡಿ, ಅದರ ಮೇಲೆ ಬಿಸಿ ನೀರು. ನಾಲ್ಕು ನಿಮಿಷದಲ್ಲಿ ಪುಡಿ ಮೇಲೆ ಬಂದು ಕೆನೆಯ ಹಾಗೆ ಕಟ್ಟಿಕೊಳ್ಳುತ್ತದೆ. ಮೂಗನ್ನು ಬಟ್ಟಲಿನ ಹತ್ತಿರಕ್ಕೆ ತಂದು ಚಮಚದ ಬೆನ್ನಿನಿಂದ ಆ ಪದರ ಸೀಳಬೇಕು. ಒಳಗಿದ್ದ ಪರಿಮಳ ಒಮ್ಮೆಗೇ ಏಳುವುದು ಆಗ. ಮೇಲಿನ ನೊರೆ ತೆಗೆದು, ಸ್ವಲ್ಪ ಆರಿದ ಮೇಲೆ ಸೊರ್ರೆಂದು ಶಬ್ದ ಬರುವಂತೆ ಹೀರಿ ನಾಲಗೆಯ ತುಂಬ ಹರಡಿಕೊಳ್ಳಬೇಕು. ಹಾಲಿಲ್ಲ, ಸಕ್ಕರೆಯಿಲ್ಲ, ಚಿಕೋರಿಯಂತೂ ಇಲ್ಲ. ಹರಮಿಯೊದ ಎತ್ತರದ ಒಂದು ಮೂಲೆಯ ಗೇಶಾ ಹಣ್ಣಿನಿಂದ ಬಂದ ಬಟ್ಟಲಿನಲ್ಲಿ ಮಲ್ಲಿಗೆಯ ಪರಿಮಳವಿತ್ತು, ನಿಂಬೆ ಜಾತಿಯ ಹಣ್ಣಿನ ಹುಳಿ-ಸಿಹಿ ಇತ್ತು. ಇಷ್ಟು ಕಾಲ ಅದು ಉಳಿದ ಹಣ್ಣಿನೊಡನೆ ಬೆರೆತು ಕಳೆದುಹೋಗುತ್ತಿತ್ತು.

2004ರ ‘ಬೆಸ್ಟ್ ಆಫ್ ಪನಾಮಾ’ ಸ್ಪರ್ಧೆಯಲ್ಲಿ ಅದೇ ಕಾಫಿ ಗೆದ್ದಿತು. ಹರಾಜಿನಲ್ಲಿ ಪೌಂಡಿಗೆ 21 ಡಾಲರ್ ಬಂತು, ಆಗ ಅದೇ ದಾಖಲೆ. 2007ರಲ್ಲಿ 130 ಡಾಲರ್. ಮುಂದಿನದು ಎಲ್ಲರಿಗೂ ಕಾಣುತ್ತಿದೆ.

ಈಗ ಮಲೆನಾಡಿನ ಒಂದು ಸಂಜೆಗೆ ಬರೋಣ. ಡಿಸೆಂಬರ್, ಅರೇಬಿಕಾ ಕೊಯ್ಲಿನ ಕಾಲ. ಆಳುಗಳು ದಿನವಿಡೀ ಕೊಯ್ದ ಹಣ್ಣನ್ನು ಚೀಲಗಳಲ್ಲಿ ಹೊತ್ತು ತರುತ್ತಾರೆ. ರೈಟರು ಒಬ್ಬೊಬ್ಬರ ಹೆಸರು ಕೂಗಿ ತೂಕ ಬರೆದುಕೊಳ್ಳುತ್ತಾರೆ. ಗುಡ್ಡದ ನೆತ್ತಿಯ ಹಣ್ಣು, ಹೊಳೆ ಪಕ್ಕದ ಹಣ್ಣು, ಹಳೇ ಎಸ್.795 ತಳಿ, ಹೊಸ ಚಂದ್ರಗಿರಿ ತಳಿ, ಎಲ್ಲವೂ ಒಂದೇ ರಾಶಿ, ಒಂದೇ ಪಲ್ಪರ್, ಒಂದೇ ಕಣ. ವ್ಯಾಪಾರಿ ಬಂದು ಕೇಳುವುದು ತೇವಾಂಶ ಎಷ್ಟು, ಔಟ್‌ಟರ್ನ್ ಎಷ್ಟು ಎಂದು. ರುಚಿ ಹೇಗಿದೆ ಎಂದು ಬಹುಪಾಲು ವ್ಯಾಪಾರದಲ್ಲಿ ಯಾರೂ ಕೇಳುವುದಿಲ್ಲ. ಬೆಳೆಗಾರನ ಮನೆಯಲ್ಲೂ ಪೇಟೆಯಿಂದ ತಂದ ಚಿಕೋರಿ ಬೆರೆತ ಪುಡಿಯನ್ನೇ ಫಿಲ್ಟರಿಗೆ ಹಾಕುವುದುಂಟು. ತಾನು ಬೆಳೆದ ಕಾಫಿಯ ರುಚಿ ತನಗೇ ಗೊತ್ತಿಲ್ಲದೆ ಆಯಸ್ಸು ಕಳೆದ ಬೆಳೆಗಾರರು ಎಷ್ಟೋ ಮಂದಿ.

ಇದು ಬೆಳೆಗಾರರದಷ್ಟೇ ತಪ್ಪಲ್ಲ. 1942ರ ಕಾಫಿ ಕಾಯ್ದೆಯಂತೆ ಫಸಲನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರದನ್ನೂ ಒಟ್ಟುಗೂಡಿಸುವ ದಾಸ್ತಾನಿಗೆ, ಒಪ್ಪಿಸಬೇಕಿತ್ತು. ಕಷ್ಟ ಕಾಲದಲ್ಲಿ ಆ ವ್ಯವಸ್ಥೆ ಸಣ್ಣ ಬೆಳೆಗಾರರನ್ನು ಕಾಪಾಡಿತು, ಅದನ್ನು ಮರೆಯಬಾರದು. ಆದರೆ ಒಂದು ತೋಟದ ಕಾಫಿ ಆ ತೋಟದ ಹೆಸರಿನಲ್ಲೇ ಗಿರಾಕಿಯನ್ನು ಮುಟ್ಟುವ ದಾರಿ ಅದರಲ್ಲಿ ಮುಚ್ಚಿಹೋಯಿತು. 1990ರ ದಶಕದಲ್ಲಿ ಪೂಲ್ ಹಂತ ಹಂತವಾಗಿ ಹೋಯಿತು. ಬೆರೆಸುವ ಅಭ್ಯಾಸ ಉಳಿಯಿತು.

ಬೆರೆಸದೆ ಬೇರೆ ಇಟ್ಟವರಿಗೆ ಫಲ ಸಿಕ್ಕಿರುವುದು ಇಲ್ಲೂ ಕಾಣುತ್ತದೆ. ಬಾಳೆಹೊನ್ನೂರು ಬಳಿಯ ಮಾಗುಂಡಿಯ ಸೇತುರಾಮನ್ ಎಸ್ಟೇಟ್ ಬೆಳೆಯುವುದು ರೊಬಸ್ಟಾ, ಒರಟು ಕಾಫಿ ಎಂದು ಜಗತ್ತು ಮೂಗು ಮುರಿಯುತ್ತಿದ್ದ ಜಾತಿ. ಇಂದು ಅದು ಅಮೆರಿಕದಲ್ಲೂ ತೋಟದ ಹೆಸರಿನಲ್ಲೇ ಮಾರಾಟವಾಗುತ್ತದೆ. ಕಾಫಿ ಮಂಡಳಿಯ ಗುಣಮಟ್ಟ ವಿಭಾಗ ನಡೆಸಿದ ಸುನಾಲಿನಿ ಮೆನನ್ 1990ರ ದಶಕದಲ್ಲೇ ಬೆಂಗಳೂರಿನಲ್ಲಿ ಸ್ವಂತ ರುಚಿ ಪ್ರಯೋಗಾಲಯ ತೆರೆದರು. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ನೆಲ ಇದೆ, ಎತ್ತರ ಇದೆ, ಮರದ ನೆರಳಿದೆ, ತಿಳಿದವರೂ ಇದ್ದಾರೆ.

ಹಾಗೆಂದು ಪನಾಮಾದ್ದೆಲ್ಲ ಅನುಕರಣೀಯವೆಂದಲ್ಲ. ಕಿಲೊಗೆ 26 ಲಕ್ಷ ಎಂಬುದು ಪ್ರತಿಷ್ಠೆಯ ಬೆಲೆ. ಆ ಬೆಲೆಗೆ ಹೋದದ್ದು ಇಪ್ಪತ್ತೇ ಕಿಲೊ. ಅಲ್ಲಿನ ತೋಟಗಳಲ್ಲಿ ಹಣ್ಣು ಆಯುವವರು ಹೆಚ್ಚಾಗಿ ನ್ಗೊಬೆ ಬುಡಕಟ್ಟಿನ ಬಡ ಕುಟುಂಬಗಳು, ಇಲ್ಲಿಗೆ ಅಸ್ಸಾಮಿನಿಂದ, ಬಯಲುಸೀಮೆಯಿಂದ ಬರುವವರ ಹಾಗೆ. ಕೊಯ್ಲಿನ ಕೂಲಿಯನ್ನು ಕಿಲೊ ಲೆಕ್ಕದಲ್ಲಿ ಕೊಟ್ಟು, ಮಾಗಿದ್ದನ್ನು ಮಾತ್ರ ಆಯ್ದು ಕೊಯ್ಯಿ ಎಂದರೆ ಕೈ ನಿಧಾನವಾಗುತ್ತದೆ, ಸಂಜೆಯ ಕೂಲಿ ಇಳಿಯುತ್ತದೆ. ಒಳ್ಳೆಯ ಕಾಫಿ ಶುರುವಾಗುವುದೇ ಆ ಕೈಯಿಂದ. ಆಯ್ದು ಕೊಯ್ಯುವ ದಿನಕ್ಕೆ ಬೇರೆಯೇ, ಹೆಚ್ಚಿನ ಕೂಲಿ ಕೊಡಲೇಬೇಕು. ಅದಿಲ್ಲದೆ ಸ್ಪೆಷಾಲಿಟಿ ಎಂಬ ಚೀಟಿ ಅಂಟಿಸುವುದು ಅನ್ಯಾಯ.

ಬರುವ ಕೊಯ್ಲಿನಲ್ಲಿ ಬೆಳೆಗಾರರು ಒಂದು ಕೆಲಸ ಮಾಡಲಿ. ತೋಟದ ಅತಿ ಎತ್ತರದ ಜಾಗದಿಂದ ಕೆಂಪು ಹಣ್ಣು ಮಾತ್ರ ಒಂದು ಚೀಲ ಕೊಯ್ಸಿ, ಬೇರೆಯೇ ಪಲ್ಪ್ ಮಾಡಿ, ಬೇರೆಯೇ ಒಣಗಿಸಿ, ಮೇಲೆ ಜಾಗದ ಹೆಸರು, ತಳಿ, ತಾರೀಕು ಬರೆದಿಡಲಿ. ಮಾದರಿಯನ್ನು ಕಾಫಿ ಮಂಡಳಿಯ ಪ್ರಯೋಗಾಲಯಕ್ಕೆ ಕಳಿಸಲಿ, ಉಳಿದದ್ದರಲ್ಲಿ ಒಂದು ಹಿಡಿ ಹುರಿದು ಮನೆಯಲ್ಲೇ ಕುಡಿದು ನೋಡಲಿ. ಅಂಗಡಿಗೆ ಹೋಗುವ ಓದುಗರು ಪುಡಿ ಕೊಳ್ಳುವಾಗ, ಇದು ಯಾವ ತೋಟದ್ದು ಎಂದು ಒಂದು ಮಾತು ಕೇಳಲಿ.